ಸೇಂಟ್ ಹೆಲೆನ್ಸ್‌ನ ಬೂದಿಯಲ್ಲಿ ನಾನು ಸೂಕ್ಷ್ಮಜೀವಿ ಹುಡುಕಿದ ಬಗೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಪರ್ವತ ಸಿಡಿದಿದ್ದು 1980ರ ಮೇ 18ರಂದು. ಅದರ ಉತ್ತರ ತಪ್ಪಲಿನಲ್ಲಿ ಕುದಿವ ಬೂದಿ, ಹಗುರ ಪ್ಯೂಮಿಸ್ ಕಲ್ಲು ಬಿದ್ದು ಒಂದು ಬಯಲೇ ಆಗಿದೆ. ಅಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಮರಳಿ ಬಂದ ದಾರಿ ಹುಡುಕುವುದು ನನ್ನ ಕೆಲಸ.

ಮೊದಲ ಮಾತು: ಮಾದರಿಗಳನ್ನು ಕಲಸಬಾರದು. ಬರೀ ಪ್ಯೂಮಿಸ್ ಬೇರೆ, ಗಿಡದ ಬುಡ ಬೇರೆ, ಗೋಫರ್ (ಬಿಲ ತೋಡುವ, ಇಲಿಯಂಥ ಪ್ರಾಣಿ) ಕೆದರಿದ ಮಣ್ಣು ಬೇರೆ. ಬರೀ ಪ್ಯೂಮಿಸ್‌ನಲ್ಲಿ ಡಿಎನ್ಎ ತೀರಾ ಕಮ್ಮಿ. ನಮ್ಮ ಕೈಯದ್ದೇ ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಪ್ರತಿ ಸಲ ಹೊಸ ಕೈಗವಸು, ಸ್ಪಿರಿಟ್‌ನಲ್ಲಿ ಒರೆಸಿದ ಕರಣೆ. ಜೊತೆಗೆ ಹೊರಗಿನ ಡಿಎನ್ಎ ಸೇರಿದೆಯೇ ಎಂದು ತಿಳಿಯಲು, ಮಣ್ಣೇ ಹಾಕದ ಒಂದು ಖಾಲಿ ಟ್ಯೂಬನ್ನೂ ಪರೀಕ್ಷೆಯ ಕೊನೆಯ ತನಕ ಓಡಿಸುತ್ತೇನೆ.

ಈ ಬಯಲಲ್ಲಿ ಮೊದಲು ನೆಲೆಯೂರಿದ ಗಿಡ ಲೂಪಿನ್. ಅಲಸಂದೆಯ ದೂರದ ನೆಂಟ. ಬೇರು ತೊಳೆದರೆ ಸಣ್ಣ ಗಂಟುಗಳು ಕಾಣುತ್ತವೆ. ಬ್ಲೇಡಿನಿಂದ ಒಂದನ್ನು ಸೀಳಿ. ಒಳಗೆ ಗುಲಾಬಿ ಬಣ್ಣವಿದ್ದರೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಎಂದರ್ಥ. ಪ್ಯೂಮಿಸ್‌ನಲ್ಲಿ ಸಾರಜನಕ ಇಲ್ಲವೆಂದೇ ಹೇಳಬೇಕು, ಇನ್ನು ಗಿಡ ಬದುಕುವುದು ಹೇಗೆ, ಅಲ್ವಾ?

ಅಕ್ಕಪಕ್ಕದ ಹುಲ್ಲಿನ ಬೇರಲ್ಲಿ ಶಿಲೀಂಧ್ರ ಇದೆಯೇ ಎಂದು ನೋಡಲು ನಾನು ಅದಕ್ಕೆ ಬಣ್ಣ ಹಾಕುತ್ತೇನೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೇರನ್ನು ಬಿಸಿ ಮಾಡಿ ಬಿಳುಚಿಸಿ, ತೊಳೆದು, ತೆಳು ಆಮ್ಲದಲ್ಲಿ ಅದ್ದಿ, ಟ್ರಿಪಾನ್ ಬ್ಲೂ ಹಾಕುವುದು. ಮೈಕ್ರೋಸ್ಕೋಪಿನಲ್ಲಿ ಜೀವಕೋಶಗಳ ನಡುವೆ ನೀಲಿ ಎಳೆಗಳು, ಕೋಶದೊಳಗೆ ಪುಟ್ಟ ಮರದಂತೆ ಕವಲು. ಬೇರು-ಶಿಲೀಂಧ್ರ, ಅಂದರೆ ಬೇರಿನ ಜೊತೆ ಬಾಳುವ ಶಿಲೀಂಧ್ರ, ಬಂದಿದೆ! ಡಿಎನ್ಎ ಸತ್ತದ್ದನ್ನೂ ತೋರಿಸುತ್ತದೆ. ಈ ಕವಲು ಮಾತ್ರ ಬೇರಿನೊಂದಿಗೆ ಕೊಡು-ಕೊಳ್ಳುವಿಕೆ ನಡೆದಿದೆ ಎಂದು ಹೇಳುತ್ತದೆ.

ಈ ಶಿಲೀಂಧ್ರ ಬಂದದ್ದು ಎಲ್ಲಿಂದ? ಬ್ಯಾಕ್ಟೀರಿಯಾವನ್ನು ಗಾಳಿ ಸುಲಭವಾಗಿ ತರುತ್ತದೆ. ಈ ಶಿಲೀಂಧ್ರದ ಬೀಜಕಣ ಮಾತ್ರ ದೊಡ್ಡದು, ನೆಲದೊಳಗೇ ಹುಟ್ಟುತ್ತದೆ. ಅದಕ್ಕೆ ಮಣ್ಣು ಕೆದರುವವರು ಬೇಕು. ಬೂದಿ ತೆಳುವಾಗಿದ್ದ ಕಡೆ ಗೋಫರ್‌ಗಳು ಹಳೆಯ ಮಣ್ಣನ್ನು ಮೇಲೆ ತಂದವು. ವಿಜ್ಞಾನಿ ಮೈಕಲ್ ಅಲೆನ್ ಮತ್ತು ಜೊತೆಗಾರರು 1983ರಲ್ಲಿ ಪ್ಯೂಮಿಸ್ ಮೇಲೆ ಬೇಲಿ ಹಾಕಿ ಗೋಫರ್‌ಗಳನ್ನು ಒಂದೇ ದಿನ ಬಿಟ್ಟಿದ್ದರು. ಅದರ ಗುರುತು ಸೂಕ್ಷ್ಮಜೀವಿಗಳಲ್ಲಿ ಇನ್ನೂ ಇದೆ ಎಂದು 2024ರ ಅಧ್ಯಯನ ಹೇಳಿತು. ಒಂದು ದಿನದ ಕೆದರಾಟಕ್ಕೆ ನಾಲ್ಕು ದಶಕದ ಬಾಳಿಕೆ!

ಹಾಗಾಗಿ ಗೋಫರ್ ಗುಪ್ಪೆ ಕಂಡರೆ ನಾನು ಬಿಡುವುದಿಲ್ಲ. ಗುಪ್ಪೆಯದ್ದೊಂದು ಚೀಲ, ಅಲ್ಲಿಂದ ಒಂದು ಮಾರು ದೂರದ್ದೊಂದು ಚೀಲ. ಎರಡನ್ನೂ ಅಲ್ಲೇ ಐಸ್ ಪೆಟ್ಟಿಗೆಗೆ ಹಾಕಬೇಕು.