ಗೇಜು ಮಾರಿದೆ, ಆರ್‌ಡಿ ಸರಿಹೋಯ್ತು

ಸಿಗ್ನಲ್‌ನಲ್ಲಿ ನಿಂತರೆ ನನ್ನ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಬೈಕು ಆರ್‌ಡಿ 350 ಈಗ ಆಫ್ ಆಗುವುದಿಲ್ಲ. ಪುಣೆಯ ನನ್ನ ಗೆಳೆಯರು ಯಾರೂ ಇದು ಆಗುತ್ತೆ ಅಂತ ನಂಬಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 1986ರದ್ದು, ಧಾರವಾಡದ ಸೋದರಮಾವ ಕೊಟ್ಟದ್ದು. ತಣ್ಣಗಿದ್ದಾಗ ಚಿನ್ನ. ಎಂಜಿನ್ ಕಾದರೆ ಮಾತ್ರ ಒಮ್ಮೆ ಆರ್‌ಪಿಎಂ 2,500ಕ್ಕೆ ಏರುತ್ತಿತ್ತು, ಇನ್ನೊಮ್ಮೆ ಕೆಮ್ಮಿ ನಿಲ್ಲುತ್ತಿತ್ತು. ಕರ್ವೆ ರಸ್ತೆಯ ಟ್ರಾಫಿಕ್ಕಿನಲ್ಲಿ ಕಿಕ್ ಹೊಡೆದೂ ಹೊಡೆದೂ ನನ್ನ ಬೂಟಿನ ಅಟ್ಟೆ ಹರಿದಿದೆ. ಕೆಳಮನೆಯ ವಿಜಯಪುರದ ಕಾಕಾ ದಿನಾ ಹೇಳೋರು, “ಅದರ ಉಸಾಬರಿ ಬಿಡೋ ತಮ್ಮಾ, ಒಂದ್ ಸ್ಕೂಟರ್ ತಗೊಂಡು ಆರಾಮ ಇರು.”

ಮೊದಲ ಗ್ಯಾರೇಜಿಗೆ ಸುಮಾರು 1,800 ಕೊಟ್ಟೆ. ಐಡಲ್ (ಗಾಡಿ ನಿಂತಾಗಿನ ಎಂಜಿನ್ ವೇಗ) ಸ್ಕ್ರೂ ತಿರುಗಿಸಿ ಕಳಿಸಿದರು, ಎರಡು ದಿನ ಓಡಿತು. ಎರಡನೆಯವರು ಎರಡೂ ಕಾರ್ಬೋರೇಟರಿಗೆ (ಪೆಟ್ರೋಲು-ಗಾಳಿ ಬೆರೆಸುವ ಭಾಗ, ಸಿಲಿಂಡರಿಗೊಂದು) ಹೊಸ ಕಿಟ್ ಹಾಕಿದರು. ಮೂರು ಸಾವಿರ ಹೋಯ್ತು, ಗಾಡಿ ಇದ್ದ ಹಾಗೇ ಇತ್ತು. ಆಮೇಲೆ ನಾನೇ ಮೇಧಾವಿ ಅಂದುಕೊಂಡು 3,500 ಕೊಟ್ಟು, ಎರಡೂ ಸಿಲಿಂಡರ್ ಸಮನಾಗಿ ಗಾಳಿ ಎಳೆಯುತ್ತಿವೆಯಾ ಅಂತ ನೋಡುವ ವ್ಯಾಕ್ಯೂಮ್ ಗೇಜ್ ತರಿಸಿದೆ. ಆರ್‌ಡಿಯಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇಲ್ಲ, ಅಲ್ವಾ? ಕಾರ್ಬೋರೇಟರಿನಿಂದ ಎಂಜಿನ್ನಿಗೆ ಹೋಗುವ ಇಂಟೇಕ್ ರಬ್ಬರಿಗೆ ತೂತು ಕೊರೆದು ಹಿತ್ತಾಳೆ ನಿಪ್ಪಲ್ ಕೂರಿಸಿದೆ. ಟೂ-ಸ್ಟ್ರೋಕಿನ ಉಸಿರಿಗೆ ಗೇಜಿನ ಮುಳ್ಳು ಭೂತ ಬಂದ ಹಾಗೆ ಕುಣಿಯಿತು. ಅದೂ ಇರಲಿ, ಎಡಗಡೆ ನಿಪ್ಪಲ್ ಪಕ್ಕದಿಂದ ಗಾಳಿ ಎಳೆಯುತ್ತಿದ್ದದ್ದು ನನಗೆ ಗೊತ್ತಾಗಲಿಲ್ಲ. ಆ ಹೆಚ್ಚಿನ ಗಾಳಿಗೆ ವಿಪರೀತ ಕಾದು, ಕಾತ್ರಜ್ ಘಾಟಿನಲ್ಲಿ ಎಡ ಪಿಸ್ಟನ್ ಹಿಡಿದುಕೊಂಡಿತು. ಬೋರ್, ಪಿಸ್ಟನ್, ಟೆಂಪೋ ಬಾಡಿಗೆ ಎಲ್ಲಾ ಸೇರಿ ಹನ್ನೊಂದು ಸಾವಿರ. ಮನೆಯಲ್ಲಿ ಏಳು ಅಂತ ಹೇಳಿದ್ದೇನೆ. ಗೇಜನ್ನು ಮಾರಿಬಿಟ್ಟೆ.

ಕಳ್ಳ ಸಿಕ್ಕಿದ್ದು ಪಾರ್ಕಿಂಗಿನಲ್ಲಿ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಐಡಲ್ ಏರಿತು. ಕಾರ್ಬೋರೇಟರ್ ಬಿಟ್ಟು ಆಕ್ಸಿಲರೇಟರ್ ಕೇಬಲ್ ನೋಡಿದೆ. ಒಂದು ಕೇಬಲ್ ಎರಡಾಗುವ ಡಬ್ಬಿಯೊಳಗಿನ ಜಾರುತುಂಡು ಒಂದು ಕಡೆ ಸವೆದು ಓರೆಯಾಗಿತ್ತು. ಎಡ ಕಾರ್ಬೋರೇಟರಿನ ಸ್ಲೈಡ್ (ಗಾಳಿದಾರಿ ತೆರೆಯುವ ತುಂಡು) ಕೂದಲೆಳೆಯಷ್ಟು ಮೊದಲೇ ಏಳುತ್ತಿತ್ತು. ಪುಣೆಯ ನಾನಾ ಪೇಠದ ಬಿಡಿಭಾಗದ ಅಂಗಡಿಗಳಲ್ಲಿ ಅರ್ಧ ದಿನ ಅಲೆದು ಪೂರ್ತಿ ಕೇಬಲ್ ಸೆಟ್ ತಂದೆ. ಆರುನೂರೋ ಏಳುನೂರೋ.

ಕಿಡಿ ಹೊಡೆಸುವ ಪಾಯಿಂಟಿನ ಗ್ಯಾಪ್, ಕಿಡಿಯ ಟೈಮಿಂಗ್ ಮೊದಲು ಮುಗಿಸಿಕೊಂಡೆ. ಅದು ತಪ್ಪಿದ್ದರೆ ಕಾರ್ಬೋರೇಟರ್ ಮುಟ್ಟುವುದೇ ದಂಡ. ಐಡಲ್ ಸ್ಕ್ರೂ ಎರಡನ್ನೂ ಪೂರ್ತಿ ಸಡಿಲ ಬಿಟ್ಟೆ. ಒಂದೇ ಅಳತೆಯ ಎರಡು ಡ್ರಿಲ್ ಬಿಟ್ ತಗೊಂಡು, ನುಣುಪು ತುದಿಯನ್ನು ಎರಡೂ ಸ್ಲೈಡಿನ ಕೆಳಗೆ ಸಿಕ್ಕಿಸಿದೆ. ಗ್ರಿಪ್ ಮೆಲ್ಲಗೆ ತೆರೆದರೆ ಎರಡೂ ಒಟ್ಟಿಗೆ ಕೆಳಗಿಟ್ಟ ಸ್ಟೀಲ್ ತಟ್ಟೆಗೆ ಬೀಳಬೇಕು. ಮೊದಲು “ಟಿಣ್… ಟಿಣ್” ಅಂತ ಎರಡು ಸದ್ದು. ಕೇಬಲ್ ಅಡ್ಜಸ್ಟರ್ ತಿರುಗಿಸುತ್ತಾ ಹೋದೆ. ಹತ್ತೋ ಹನ್ನೆರಡೋ ಸಲಕ್ಕೆ ಒಂದೇ “ಟಿಣ್” ಕೇಳಿತು. ಆವತ್ತು ಕಾಕಾಗೆ ಫಿಲ್ಟರ್ ಕಾಫಿ ನಾನೇ ಕೊಡಿಸಿದೆ.

ಆಮೇಲೆ ಐಡಲ್‌ನ ಗಾಳಿ ಹೊಂದಿಸುವ ಏರ್ ಸ್ಕ್ರೂ ಎರಡನ್ನೂ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಬಿಟ್ಟೆ. ಎಂಜಿನ್ ಕಾಯಿಸಿ ಒಂದು ಪ್ಲಗ್ ಕ್ಯಾಪ್ ಕಿತ್ತೆ. ಅದಕ್ಕೆ ಹಳೇ ಪ್ಲಗ್ ಸಿಕ್ಕಿಸಿ ಹೆಡ್ಡಿಗೆ ತಾಗಿಸಿಟ್ಟೆ, ಇಲ್ಲದಿದ್ದರೆ ಕಾಯಿಲ್‌ಗೆ ಕಷ್ಟ. ಒಂದೊಂದೇ ಸಿಲಿಂಡರಿನಲ್ಲಿ ಎಂಜಿನ್ ಒಂದೇ ವೇಗದಲ್ಲಿ ನಿಲ್ಲುವಂತೆ ಐಡಲ್ ಸ್ಕ್ರೂ ಹಿಡಿದೆ. ಎರಡೂ ಸೇರಿದಾಗ ಆರ್‌ಪಿಎಂ ಜಿಗಿಯಿತು. ಎರಡೂ ಸ್ಕ್ರೂ ಸಮನಾಗಿ ಬಿಡುತ್ತಾ 1,200–1,300ಕ್ಕೆ ಇಳಿಸಿದೆ. ಕೊನೆಗೆ ಏರ್ ಸ್ಕ್ರೂನಲ್ಲಿ ಒಂದು ಸಣ್ಣ ಕಿತಾಪತಿ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹನ್ನೊಂದು ಸಾವಿರ ಕೊಟ್ಟು ಕಲಿತದ್ದು.

ಸುಮ್ನೆ ಕೂರಲಾರದೆ ಮಹಾಬಳೇಶ್ವರಕ್ಕೆ ಹೊರಟಾಗ ಬೆಟ್ಟದ ತೆಳು ಗಾಳಿಗೆ ಪೆಟ್ರೋಲ್ ಸ್ವಲ್ಪ ಕಡಿಮೆ ಹೋಗಲಿ ಅಂತ ಕಾರ್ಬೋರೇಟರ್ ಸೂಜಿಯ (ನೀಡಲ್) ಕ್ಲಿಪ್ ಒಂದು ಗೆರೆ ಮೇಲಕ್ಕೆ ಹಾಕಿದೆ. ಹತ್ತುವಾಗ ಸೊಗಸು. ಇಳಿದು ವಾಯಿ ದಾಟಿದ ಮೇಲೆ ಎಂಜಿನ್ ಟಕಟಕ ಅನ್ನತೊಡಗಿತು. ಒಮ್ಮೆ ಸುಟ್ಟುಕೊಂಡವನು ನಾನು, ರಸ್ತೆ ಬದಿಯಲ್ಲೇ ಮೊದಲಿನ ಗೆರೆಗೆ ಹಾಕಿದೆ. ಈಗ ಪಂಪಿನಲ್ಲಿ ಎಥನಾಲ್ ಬೆರೆಸಿದ ಪೆಟ್ರೋಲೇ ಅಲ್ವಾ? ಮಳೆಗಾಲದಲ್ಲಿ ಮೂರು ವಾರ ನಿಲ್ಲಿಸಿದ್ದಕ್ಕೆ ಪೈಲಟ್ ಜೆಟ್ (ಐಡಲ್‌ಗೆ ಪೆಟ್ರೋಲ್ ಕೊಡುವ ಸಣ್ಣ ತೂತು) ಕಟ್ಟಿಕೊಂಡಿತ್ತು. ಆವತ್ತಿನಿಂದ ಗಾಡಿ ತುಂಬಾ ದಿನ ನಿಲ್ಲಿಸುವ ಮುಂಚೆ ಕಾರ್ಬೋರೇಟರಿನ ಬೌಲ್ (ಪೆಟ್ರೋಲ್ ಬಟ್ಟಲು) ಖಾಲಿ ಮಾಡುತ್ತೇನೆ.

ಬಲ ಸೈಲೆನ್ಸರ್ ಮಾತ್ರ ಇನ್ನೂ ಜಾಸ್ತಿ ಹೊಗೆ ಬಿಡುತ್ತೆ. ಅದಕ್ಕೆ ಕಾರಣ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ (ಆಯಿಲ್ ತಡೆಯುವ ರಬ್ಬರ್ ಉಂಗುರ), ಅದರ ಮೂಲಕ ಎಂಜಿನ್ ಗೇರ್ ಆಯಿಲ್ ಕುಡಿಯುತ್ತಿದೆ. ಎಂಜಿನ್ ಬಿಚ್ಚಬೇಕು. ದೀಪಾವಳಿ ಬೋನಸ್ ಬರಲಿ.