ಬ್ಲೀಚಿಂಗ್ ಪುಡಿ ಸಾಹೇಬನ ಕಡಲತೀರದ ರಜೆ

ಮೂವತ್ತೆರಡು ವರ್ಷ ಆರೋಗ್ಯ ಇಲಾಖೆಯಲ್ಲಿ ದುಡಿದು, ಹಿರಿಯ ಆರೋಗ್ಯ ನಿರೀಕ್ಷಕನಾಗಿ ನಿವೃತ್ತನಾದವನು ನಾನು. ದಾವಣಗೆರೆ ಸುತ್ತಿನ ಹಳ್ಳಿಗಳಲ್ಲಿ ನನ್ನ ಹೆಸರು ಬಹಳ ಮಂದಿಗೆ ಗೊತ್ತಿರಲಿಲ್ಲ; ‘ಬ್ಲೀಚಿಂಗ್ ಪುಡಿ ಸಾಹೇಬ’ ಎಂದರೆ ಮಕ್ಕಳಿಗೂ ತಿಳಿಯುತ್ತಿತ್ತು. ಹಾಗಾಗಿ ಕಳೆದ ಏಪ್ರಿಲ್‌ನಲ್ಲಿ ಮಗ ಉಡುಪಿ ಜಿಲ್ಲೆಯ ಕಾಪುವಿನ ಹತ್ತಿರ, ಸಮುದ್ರಕ್ಕೆ ಅಂಟಿಕೊಂಡಿದ್ದ ರೆಸಾರ್ಟ್‌ನಲ್ಲಿ ನಾಲ್ಕು ರಾತ್ರಿಗೆ ಎರಡು ಕೋಣೆ ಕಾದಿರಿಸಿದಾಗ ಸೊಸೆ ಮೊದಲು ಹೇಳಿದ ಮಾತು, “ಮಾವ, ಅಲ್ಲಿಗೆ ಹೋಗಿ ತಪಾಸಣೆ ಶುರು ಮಾಡಬೇಡಿ.” ಆಗಲಿ ಎಂದೆ. ಚೀಲದ ತಳದಲ್ಲಿ ನೀರಿನ ಕ್ಲೋರಿನ್ ನೋಡುವ ಕ್ಲೋರೋಸ್ಕೋಪ್ ಇಟ್ಟುಕೊಂಡಿದ್ದನ್ನು ಹೇಳಲಿಲ್ಲ.

ನಾವು ಆರು ಮಂದಿ. ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ, ನಾನು, ನನ್ನ ಹೆಂಡತಿ. ಹೆಂಡತಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ.

ಹೋಗುವಾಗ ತೀರ್ಥಹಳ್ಳಿಯಲ್ಲಿ ಮಕ್ಕಳಿಗೆ ಎರಡೆರಡು ಇಡ್ಲಿಗಿಂತ ಹೆಚ್ಚು ತಿನ್ನಲು ಬಿಡಲಿಲ್ಲ. ಮುಂದೆ ಆಗುಂಬೆ ಘಾಟಿ ಇತ್ತು. ತಿರುವುಗಳಲ್ಲಿ ಕಿಟಕಿಯಾಚೆ ದೂರ ನೋಡಿರಿ, ಮೊಬೈಲ್ ಮುಟ್ಟಬೇಡಿ ಎಂದೆ. ಮಕ್ಕಳು ಕೇಳಿದರು. ವಾಂತಿಯಾದದ್ದು ಹಿಂದಿನ ಸೀಟಿನಲ್ಲಿ ಕುಳಿತು ಕಚೇರಿಯ ಸಂದೇಶ ಓದುತ್ತಿದ್ದ ಮಗನಿಗೆ.

ಹೆಬ್ರಿಯಲ್ಲಿ ಕಾರಿನ ಬಾಗಿಲು ತೆಗೆದೊಡನೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಮುಖಕ್ಕೆ ಹೊಡೆಯಿತು. ನಮ್ಮೂರಲ್ಲಿ ಮೂವತ್ತೆಂಟು ಡಿಗ್ರಿ ಕಂಡವರಿಗೆ ಕರಾವಳಿಯ ಮೂವತ್ತನಾಲ್ಕು ಏನು ಮಹಾ ಅನ್ನಿಸುತ್ತದೆ. ಆದರೆ ನಮ್ಮಲ್ಲಿ ಬೆವರು ಆರುತ್ತದೆ, ಆರುವಾಗ ಮೈ ತಣಿಯುತ್ತದೆ. ಇಲ್ಲಿ ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಸುಮ್ಮನೆ ಸುರಿಯುತ್ತದೆ. ನೀರೂ ಉಪ್ಪೂ ಹೋಗುತ್ತವೆ, ಮೈ ಮಾತ್ರ ತಣಿಯುವುದಿಲ್ಲ. ಬಾಯಾರಿಕೆಗೆ ಕಾಯದೆ ಗಂಟೆಗೊಮ್ಮೆ ಎಲ್ಲರೂ ಕುಡಿಯಬೇಕು ಎಂಬ ನಿಯಮ ಅಲ್ಲಿಂದಲೇ ಜಾರಿಗೆ ಬಂತು. ರಸ್ತೆ ಬದಿಯಲ್ಲಿ ‘ಬೊಂಡ’ ಎಂಬ ಫಲಕ ಕಂಡು ಮೊಮ್ಮಗಳು ಚಟ್ನಿಯೂ ಬೇಕು ಎಂದಳು. ಅಂಗಡಿಯವ ನಕ್ಕು ಎಳನೀರು ಕೊಚ್ಚಿ ಕೊಟ್ಟ. ಅಲ್ಲಿ ಬೊಂಡ ಎಂದರೆ ಅದೇ.

ರೆಸಾರ್ಟ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ತೆಂಗಿನ ತೋಟ, ಹಂಚಿನ ಮಾಡು, ಬಿಳಿ ಹಾಸಿಗೆ. ಎಲ್ಲವನ್ನೂ ಬೇರೆ ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂಬ ನಂಬಿಕೆ ಹುಟ್ಟಿಸುವ ಜಾಗ. ಮನೆಯಲ್ಲಿ ಫಿಲ್ಟರ್ ತೊಳೆದದ್ದು ಯಾವಾಗ ಎಂದು ಲೆಕ್ಕವಿಡುವ ನನ್ನ ಸೊಸೆಯೇ ಅಲ್ಲಿ ಕೈತೊಳೆಯುವ ನಲ್ಲಿಗೆ ಮಗುವಿನ ಬಾಯಿ ಹಿಡಿದು ಹಲ್ಲುಜ್ಜಿಸಲು ಹೊರಟಿದ್ದಳು. ತಡೆ ಎಂದೆ, ಚೀಲ ಬಿಚ್ಚಿದೆ.

ಕ್ಲೋರೋಸ್ಕೋಪ್ ಎಂದರೆ ದೊಡ್ಡ ಯಂತ್ರವೇನಲ್ಲ. ಸಣ್ಣ ಗಾಜಿನ ನಳಿಕೆಗೆ ನೀರು ತುಂಬಿ, ದ್ರಾವಣದ ಹನಿ ಹಾಕಿದರೆ ನೀರಿನಲ್ಲಿ ಕ್ಲೋರಿನ್ ಇದ್ದಷ್ಟೂ ಹಳದಿ ಬಣ್ಣ ಬರುತ್ತದೆ. ನಲ್ಲಿ ನೀರಿಗೆ ಬಣ್ಣವೇ ಬರಲಿಲ್ಲ. ಊಟದ ಕೋಣೆಯ ಶುದ್ಧೀಕರಿಸಿದ ನೀರಿಗೂ ಬರಲಿಲ್ಲ, ಆದರೆ ಆರ್‌ಒ ಯಂತ್ರದ ನೀರಿನಲ್ಲಿ ಕ್ಲೋರಿನ್ ಉಳಿಯುವುದಿಲ್ಲವಾದ್ದರಿಂದ ಅದರಿಂದ ಏನೂ ಗೊತ್ತಾಗದು. ಅದಕ್ಕೆ ಇನ್ನೊಂದು ಉಪಾಯವಿದೆ. ಎಚ್‌ಟುಎಸ್ ಬಾಟಲಿ ಎಂದು ನಾವು ಹಳ್ಳಿಹಳ್ಳಿಗೆ ಹೊತ್ತೊಯ್ಯುತ್ತಿದ್ದೆವು. ಒಳಗೆ ಒಂದು ಔಷಧದ ಕಾಗದವಿರುತ್ತದೆ, ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ ಮಲದ ಅಂಶ ಸೇರಿದ ನೀರು ಕಪ್ಪಾಗುತ್ತದೆ. ಎರಡು ಬಾಟಲಿ ಒಯ್ದಿದ್ದೆ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಊಟದ ಕೋಣೆಯದು. ಮರುದಿನ ಸಂಜೆ ನೋಡಿದರೆ ಊಟದ ಕೋಣೆಯದು ತಿಳಿಯಾಗಿಯೇ ಇತ್ತು, ನಲ್ಲಿಯದು ಕಾಡಿಗೆ. ವ್ಯವಸ್ಥಾಪಕರನ್ನು ಒಂದು ಬದಿಗೆ ಕರೆದು ತೋರಿಸಿದೆ. ಆತ ವಾದಿಸಲಿಲ್ಲ, ಮರುದಿನವೇ ಟ್ಯಾಂಕ್ ತೊಳೆಸಿದ. ನಾವಂತೂ ಮೊದಲ ದಿನದಿಂದಲೇ ಕೋಣೆಯ ಕೆಟಲ್‌ನಲ್ಲಿ ನೀರು ಕುದಿಸಿ, ಆರಿಸಿ, ಹಲ್ಲುಜ್ಜುವುದಕ್ಕೂ ಅದನ್ನೇ ಬಳಸಿದೆವು.

ಈಜುಕೊಳಕ್ಕೂ ಅದೇ ನಳಿಕೆ. ಬೆಳಿಗ್ಗೆ ಆರೂವರೆಗೆ ದಟ್ಟ ಹಳದಿ ಬಂತು; ಸಂಜೆ ಐದಕ್ಕೆ ಕೊಳದಲ್ಲಿ ಮೂವತ್ತು ಮಕ್ಕಳು ಹೊರಳಾಡಿದ ಮೇಲೆ ಬಣ್ಣ ಮಾಸಿತ್ತು, ವಾಸನೆ ಮಾತ್ರ ಮೂಗು ಕಟ್ಟುವಷ್ಟು. ಆ ಘಾಟು ಇದ್ದರೆ ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ ಎಂದುಕೊಳ್ಳುತ್ತಾರೆ. ಅದು ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಬೆರೆತು ಏಳುವ ವಾಸನೆ. ಬೆಳಿಗ್ಗೆ ಎಂಟರೊಳಗೆ ಈಜಿ ಮುಗಿಸಬೇಕು ಎಂದು ತೀರ್ಮಾನವಾಯಿತು.

ಇನ್ಸುಲಿನ್‌ನದು ಬೇರೆಯೇ ಕಥೆ. ತೆರೆಯದ ಬಾಟಲಿಯನ್ನು ಕೋಣೆಯ ಪುಟ್ಟ ಫ್ರಿಜ್‌ನಲ್ಲಿಟ್ಟು ನಿಶ್ಚಿಂತರಾಗಿದ್ದೆವು. ಊಟ ಮುಗಿಸಿ ಬಂದು ಮುಟ್ಟಿದರೆ ಬೆಚ್ಚಗಿದೆ! ಬಾಗಿಲ ಪಕ್ಕದ ಗೂಡಿನಿಂದ ಕಾರ್ಡ್ ಕಿತ್ತುಕೊಂಡು ಹೊರಗೆ ಹೋದರೆ ದೀಪ, ಫ್ಯಾನ್ ಜೊತೆ ಫ್ರಿಜ್ ಕೂಡ ಆರುತ್ತದೆ. ಸ್ವಾಗತ ಕೌಂಟರ್‌ನಲ್ಲಿ ಕೇಳಿದಾಗ ಅಡುಗೆಮನೆಯ ಫ್ರಿಜ್‌ನಲ್ಲಿ ಹೆಸರು ಬರೆದ ಡಬ್ಬಿಗೆ ಜಾಗ ಕೊಟ್ಟರು. ಹೆಪ್ಪುಗಟ್ಟಿಸುವ ಖಾನೆಗೆ ಮಾತ್ರ ಬೇಡ ಎಂದು ಎರಡು ಸಲ ಹೇಳಿದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಆ ನೆಪದಲ್ಲಿ ಅಡುಗೆಮನೆ ಹೊಕ್ಕೆ. ಸೊಸೆಗೆ ಗೊತ್ತಾಗಲಿಲ್ಲ. ಒಲೆಯ ಬಳಿ ಅಚ್ಚುಕಟ್ಟಾಗಿಯೇ ಇತ್ತು. ತೊಂದರೆ ಇದ್ದದ್ದು ಹೊರಗೆ, ಸಾಲಾಗಿ ಜೋಡಿಸಿದ ಊಟದ ಪಾತ್ರೆಗಳಲ್ಲಿ. ಎಂಟೂವರೆಗೆ ಕೆಳಗಿನ ದೀಪ ಉರಿಯುತ್ತಿರುತ್ತದೆ, ಪಾತ್ರೆಯ ಅಂಚು ಮುಟ್ಟಿದರೆ ಕೈ ಸುಡುತ್ತದೆ. ಹತ್ತಕ್ಕೆ ದೀಪ ಆರಿ, ಉಪ್ಪಿಟ್ಟು ಉಗುರುಬೆಚ್ಚಗಾಗಿರುತ್ತದೆ. ರೋಗಾಣುವಿಗೆ ಅದಕ್ಕಿಂತ ಹಿತವಾದ ಹಾಸಿಗೆ ಬೇರೆ ಇಲ್ಲ. ಆ ಸೆಕೆಯಲ್ಲಿ ತೆಂಗಿನಕಾಯಿ ಚಟ್ನಿಗಂತೂ ಎರಡು ಗಂಟೆಯ ಆಯಸ್ಸೂ ಇಲ್ಲ. ಹಾಗಾಗಿ ನಾವು ಬಾಗಿಲು ತೆರೆದೊಡನೆ ಹೋಗುತ್ತಿದ್ದೆವು, ಇಲ್ಲವೇ ಕಾವಲಿಯಿಂದ ಎಬ್ಬಿಸಿದ ನೀರುದೋಸೆ ಕೇಳುತ್ತಿದ್ದೆವು. ಹೆಚ್ಚಿಟ್ಟ ಹಣ್ಣು ಬೇಡ, ಬಾಳೆಹಣ್ಣು ಸಾಕು. ಮಗ ಬಂಗುಡೆ ಬೇಕೆಂದಾಗ ಬೆಳಗಿನ ಮೀನೇ ಎಂದು ಕೇಳಿಸಿದೆ. ಬಂಗುಡೆ ಜಾತಿಯ ಮೀನು ಮಂಜಿಲ್ಲದೆ ಬಿದ್ದಿದ್ದರೆ ಅದರಲ್ಲಿ ಹುಟ್ಟುವ ಹಿಸ್ಟಮಿನ್ ಕಾಯಿಸಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ.

ಕೋಣೆಗಳ ಹಿಂದೆ ಕುಡಿದು ಎಸೆದ ಬೊಂಡದ ರಾಶಿಯಿತ್ತು. ಹಿಂದಿನ ವಾರ ಒಂದು ಗುಡುಗು ಮಳೆಯಾಗಿತ್ತಂತೆ. ಮೊಮ್ಮಗಳ ಕೈಗೆ ಟಾರ್ಚ್ ಕೊಟ್ಟು ಎಂಟು ಚಿಪ್ಪು ನೋಡಿದೆವು, ಐದರಲ್ಲಿ ಸೊಳ್ಳೆಯ ಹುಳು. ನೀರಿನ ಮೇಲ್ಮೈಗೆ ಬಾಲ ತಾಗಿಸಿ ತಲೆ ಕೆಳಗೆ ಇಳಿಬಿಟ್ಟು ತೂಗುತ್ತಿದ್ದವು. ಮೇಲ್ಮೈಗೆ ಅಡ್ಡಲಾಗಿ ಚಪ್ಪಟೆ ಮಲಗಿದ್ದರೆ ಮಲೇರಿಯಾ ತರುವ ಅನಾಫಿಲಿಸ್ ಎಂದು ಅವಳಿಗೆ ಹೇಳಿಕೊಟ್ಟೆ. ಮಂಗಳೂರಿಗೆ ಮಲೇರಿಯಾ ಹಳೆಯ ನಂಟು. ಕಟ್ಟಡ ಕೆಲಸದ ತೊಟ್ಟಿ, ಮಹಡಿಯ ಟ್ಯಾಂಕ್‌ಗಳಲ್ಲಿ ಬೆಳೆಯುವ ಸೊಳ್ಳೆ ಅದು, ಕಚ್ಚುವುದು ರಾತ್ರಿ. ಡೆಂಗಿ ತರುವ ಈಡಿಸ್ ಹಗಲಿನದು, ಬೆಳಗಿನ ಹೊತ್ತು ಮತ್ತು ಮುಸ್ಸಂಜೆಗೆ ಮುಂಚೆ ಅದರ ಹಾವಳಿ ಹೆಚ್ಚು. ಮಕ್ಕಳಿಗೆ ಸಂಜೆ ನಾಲ್ಕಕ್ಕೇ ಉದ್ದ ತೋಳಿನ ಹತ್ತಿ ಅಂಗಿ ಹಾಕಿಸಿದೆ. ಮೊದಲು ಬಿಸಿಲಿನ ಕ್ರೀಮ್, ಅದು ಒಣಗಿದ ಮೇಲೆ ಸೊಳ್ಳೆ ಮುಲಾಮು. ಚಿಕ್ಕವನ ಅಂಗೈಗೆ ಮಾತ್ರ ಹಚ್ಚಲಿಲ್ಲ, ಅವನ ಕೈ ಸದಾ ಬಾಯಲ್ಲಿ. ಚಿಪ್ಪುಗಳನ್ನು ತೋಟದ ಹುಡುಗ ಕವುಚಿ ಹಾಕಿದ. ಅಷ್ಟರಲ್ಲಿ ಸೊಸೆಗೆ ವಿಷಯ ತಿಳಿದು, ‘ನಿಮ್ಮನ್ನು ಕರೆತಂದದ್ದೇ ತಪ್ಪು’ ಎಂದು ನಗುತ್ತಲೇ ಅಂದಳು.

ಸಮುದ್ರ ಸ್ನಾನಕ್ಕೆ ಪಡುಬಿದ್ರಿಗೆ ಹೋದೆವು. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ತೀರ, ಸ್ನಾನಕ್ಕೆ ಗುರುತು ಮಾಡಿದ ಜಾಗವಿದೆ, ಕಾವಲಿನವರಿದ್ದಾರೆ. ಕಾಪುವಿನಲ್ಲಿ 1901ರ ದೀಪಸ್ತಂಭದ ಬಂಡೆಯ ಆಸುಪಾಸು ನೋಡಲು ಚೆಂದ, ಇಳಿಯಲು ಅಲ್ಲ. ಅಲೆ ಒಡೆಯದೆ, ಬಣ್ಣ ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಾಣುವ ಪಟ್ಟಿಯೇ ಒಳಗೆ ಎಳೆಯುವುದು ಎಂದು ಅಲ್ಲಿನ ಮೀನುಗಾರರೊಬ್ಬರು ಬೆರಳು ತೋರಿಸಿ ಹೇಳಿದರು. ಸಿಕ್ಕಿಬಿದ್ದರೆ ದಡದ ಕಡೆ ಈಜಿ ಸುಸ್ತಾಗದೆ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬರಬೇಕಂತೆ.

ಇಷ್ಟೆಲ್ಲ ಮಾಡಿದವನು ಎರಡನೆಯ ದಿನ ಮಲ್ಪೆಯಲ್ಲಿ ಏನು ಮಾಡಿದೆ ಗೊತ್ತೇ? ಸೆಕೆ ತಡೆಯಲಾರದೆ ಕಬ್ಬಿನ ಹಾಲು ಕುಡಿಸಿದೆ. ಗಾಡಿಯವ ಗೋಣಿಚೀಲದೊಳಗಿನ ಮಂಜುಗಡ್ಡೆಯನ್ನು ಸುತ್ತಿಗೆಯಿಂದ ಕುಟ್ಟಿ, ಬರಿಗೈಯಲ್ಲಿ ತೆಗೆದು ಲೋಟಕ್ಕೆ ಹಾಕಿದ. ನೋಡುತ್ತಲೇ ನಿಂತಿದ್ದೆ. ನೂರಾರು ಹೋಟೆಲುಗಳಲ್ಲಿ ಇದೇ ಮಂಜುಗಡ್ಡೆ ಚೆಲ್ಲಿಸಿದ ಕೈ ನನ್ನದು. ಆ ಹೊತ್ತಿಗೆ ಮಾತು ಹೊರಡಲಿಲ್ಲ, ಅಷ್ಟು ಬಾಯಾರಿಕೆ.

ರಾತ್ರಿ ಎರಡಕ್ಕೆ ಮೊಮ್ಮಗನಿಗೆ ಒಂದು ವಾಂತಿ, ಬೆಳಗಾಗುವುದರೊಳಗೆ ನಾಲ್ಕು ಸಲ ನೀರು ಭೇದಿ. ಚೀಲದಲ್ಲಿ ಜೀವಜಲದ, ಅಂದರೆ ಒಆರ್‌ಎಸ್ ಪೊಟ್ಟಣಗಳಿದ್ದವು. ಪೂರ್ತಿ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಲೋಟಕ್ಕೆ ಇಷ್ಟು ಎಂದು ಚಿಟಿಕೆ ಲೆಕ್ಕದಲ್ಲಿ ಕಲಸಿದರೆ ಉಪ್ಪು ಸಕ್ಕರೆಯ ಪ್ರಮಾಣ ಕೆಟ್ಟು ಭೇದಿ ಹೆಚ್ಚಬಹುದು. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು, ಚಮಚ ಚಮಚವಾಗಿ ಕುಡಿಸಿದೆ. ಪ್ರತಿ ಭೇದಿಗೆ ಅರ್ಧದಿಂದ ಒಂದು ಲೋಟ. ಭೇದಿ ಕಟ್ಟುವ ಮಾತ್ರೆಯನ್ನು ಮಗ ಕೈಗೆತ್ತಿಕೊಂಡಿದ್ದ, ಕಿತ್ತುಕೊಂಡೆ. ಆ ವಯಸ್ಸಿನ ಮಗುವಿಗೆ ಅದು ಸಲ್ಲ. ರಕ್ತ ಕಂಡರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಮಗು ಮಂಕಾದರೆ ಕೂಡಲೇ ಆಸ್ಪತ್ರೆ ಎಂದು ಕಾರಿನವನನ್ನು ಎಬ್ಬಿಸಿಟ್ಟಿದ್ದೆ. ಅದರ ಅಗತ್ಯ ಬೀಳಲಿಲ್ಲ. ಬೆಳಿಗ್ಗೆ ವೈದ್ಯರು ನೋಡಿ, ಹದಿನಾಲ್ಕು ದಿನಕ್ಕೆ ಜಿಂಕ್ ಬರೆದುಕೊಟ್ಟರು.

ಮಗುವಿಗೆ ಏನು ತಿನ್ನಿಸುವುದು ಎಂದು ಅಡುಗೆಮನೆಯ ಹಿಂಬಾಗಿಲಿಗೆ ಹೋದೆ. ಅಲ್ಲಿ ಕೆಲಸದವರು ನೆಲದ ಮೇಲೆ ಕುಳಿತು ಕುಚ್ಚಲಕ್ಕಿ ಗಂಜಿ ಉಣ್ಣುತ್ತಿದ್ದರು, ಪಕ್ಕದಲ್ಲಿ ಮಾವಿನ ಮಿಡಿ. ಅಡುಗೆಯ ಅಮ್ಮ, “ಎಂತ ಬೇಕಿತ್ತು ಸರ್?” ಎಂದರು. ಹೇಳಿದೆ. “ಅಷ್ಟೆಯಾ? ಬಗ್ಗಿಸಿದ ತಿಳಿ ಉಂಟು, ಉಪ್ಪು ಹಾಕಿ ಕೊಡಿ. ಸಂಜೆಗೆ ದಾಳಿಂಬೆ ಕುಡಿಯ ತಂಬುಳಿ ಮಾಡುತ್ತೇನೆ.” ಬಿಸಿ ತಿಳಿಯಲ್ಲಿ ಹಿಸುಕಿದ ನಾಲ್ಕು ಅಗುಳು, ಮಗು ಮೊದಲು ಮುಖ ತಿರುಗಿಸಿ, ಆಮೇಲೆ ಬಟ್ಟಲು ಹಿಡಿದುಕೊಂಡೇ ಕುಡಿಯಿತು. ಅಂದು ಮಧ್ಯಾಹ್ನ ನಾನೂ ಅವರ ಪಂಕ್ತಿಯಲ್ಲಿ ಕುಳಿತೆ. ಆ ರೆಸಾರ್ಟ್‌ನಲ್ಲಿ ನಾನು ಉಂಡ ಅತ್ಯುತ್ತಮ ಊಟ ಅದು. ಕೆಲಸದವರು ಬೆಳಿಗ್ಗೆ ಆರಕ್ಕೆ ತೋಟದ ಕೆಲಸ ಶುರು ಮಾಡಿ, ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬಿಟ್ಟು ಕದಲುತ್ತಿರಲಿಲ್ಲ ಎಂಬುದನ್ನೂ ಅಲ್ಲೇ ಗಮನಿಸಿದೆ. ಆ ಉರಿಯಲ್ಲಿ ಮರಳಿನ ಮೇಲೆ ಓಡಾಡುತ್ತಿದ್ದವರು ದುಡ್ಡು ಕೊಟ್ಟು ಬಂದ ನಾವು ಮಾತ್ರ.

ಗಮನಿಸಿಯೂ ನಾಲ್ಕನೆಯ ದಿನ ಎಡವಿದೆ. ಮಗು ಚೇತರಿಸಿಕೊಂಡಿದ್ದ, ನನಗೆ ಗೆದ್ದ ಹುಮ್ಮಸ್ಸು. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ತೀರಕ್ಕೆ ಇಳಿದೆವು. ಹೆಂಡತಿ ಚಪ್ಪಲಿ ಬಿಡಲೇ ಎಂದು ಕೇಳಿದಳು. “ಬಿಡು, ಮರಳಲ್ಲಿ ಬರಿಗಾಲ ನಡಿಗೆ ಒಳ್ಳೆಯದು” ಎಂದವನು ನಾನೇ. ಹಿಂತಿರುಗುವಾಗ ಒಂದೂವರೆ. ಮರಳು ಹುರಿಗಡಲೆಯ ಬಾಣಲೆಯಾಗಿತ್ತು. ಮಕ್ಕಳು ಕಿರುಚುತ್ತ ಕುಣಿಯುತ್ತ ಓಡಿದರು. ಹೆಂಡತಿ ನಿಧಾನವಾಗಿ, ನೆಟ್ಟಗೆ ನಡೆದು ಬಂದಳು. “ಅಜ್ಜಿಯನ್ನು ನೋಡಿ ಕಲಿಯಿರಿ” ಎಂದು ಮಕ್ಕಳಿಗೆ ಹೇಳಿದೆ.

ಸಂಜೆ ಕಾಲು ತೊಳೆಯುವಾಗ ಅವಳೇ ಕರೆದಳು. ಬಲ ಅಂಗಾಲಿನಲ್ಲಿ ಎಂಟಾಣೆಯಗಲದ ಎರಡು ಬೊಬ್ಬೆ, ಎಡ ಹೆಬ್ಬೆರಳ ಕೆಳಗೆ ಒಂದು. ನೋವಿಲ್ಲ ಎಂದಳು. ಆ ಮಾತು ಕೇಳಿಯೇ ನನಗೆ ಕೈಕಾಲು ತಣ್ಣಗಾದವು. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದರೆ ಪಾದದ ನರ ಮಂಕಾಗುತ್ತದೆ, ಸುಡುವುದು ಗೊತ್ತಾಗುವುದಿಲ್ಲ ಎಂದು ಸಾವಿರ ಜನಕ್ಕೆ ಹೇಳಿದವನು ನಾನು. ಬೊಬ್ಬೆ ಒಡೆಯಲಿಲ್ಲ, ಟೂತ್‌ಪೇಸ್ಟ್ ತಂದ ಮಗನನ್ನು ಹಿಂದಕ್ಕೆ ಕಳಿಸಿದೆ. ಹಸಿ ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ನೀರು ಹಿಡಿಯಬೇಕು, ಆ ಹೊತ್ತು ಕಳೆದು ಹೋಗಿತ್ತು. ಶುಭ್ರ ಗಾಜ್ ಬಟ್ಟೆ ಸುತ್ತಿ ಅಂದೇ ಸಂಜೆ ವೈದ್ಯರಲ್ಲಿಗೆ ಕರೆದೊಯ್ದೆ. ಸಕ್ಕರೆ ಇದ್ದವರ ಕಾಲಿನ ಗಾಯ ನಾಳೆಯವರೆಗೆ ಕಾಯುವಂಥದ್ದಲ್ಲ.

ಊರಿಗೆ ಮರಳಿದ ಹದಿನೈದನೆಯ ದಿನ ಮಗನಿಗೆ ಚಳಿ ಜ್ವರ ಬಂತು. ಕರಾವಳಿಗೆ ಹೋಗಿದ್ದೆವು ಎಂದು ವೈದ್ಯರಿಗೆ ಮೊದಲೇ ಹೇಳಿ ರಕ್ತಲೇಪನ ಪರೀಕ್ಷೆ ಮಾಡಿಸಿದೆ. ಅದನ್ನು ಹೇಳದಿದ್ದರೆ ಇಲ್ಲಿ ಯಾರಿಗೂ ಮಲೇರಿಯಾ ನೆನಪಾಗುವುದಿಲ್ಲ. ಬರಿಯ ನೆಗಡಿ ಜ್ವರವಾಗಿತ್ತು.

ಹೆಂಡತಿಯ ಪಾದ ಮಾಯಲು ಐದು ವಾರ ಹಿಡಿಯಿತು. ಈಗ ದಿನವೂ ರಾತ್ರಿ ಟಾರ್ಚ್ ಹಿಡಿದು ಅವಳ ಅಂಗಾಲು ನೋಡುತ್ತೇನೆ. ದಾವಣಗೆರೆಯಲ್ಲಿ ಸಮುದ್ರ ಎಲ್ಲಿದೆ ಎಂದು ರೇಗುತ್ತಾಳೆ. ಮಧ್ಯಾಹ್ನ ಎರಡಕ್ಕೆ ಬರಿಗಾಲಲ್ಲೇ ಅಂಗಳದ ಸಿಮೆಂಟಿನ ಮೇಲೆ ಹಪ್ಪಳ ಒಣಹಾಕಲು ಹೋಗುತ್ತಾಳೆ, ಚಪ್ಪಲಿ ಹಿಡಿದು ನಾನು ಹಿಂದೆ.