ಹಾಸನದಲ್ಲಿ ಕೂತು ಧ್ರುವದ ಪ್ಲಾಸ್ಮಾ ಹರಿವು ಓದುವುದು ಹೇಗೆ

ಮೊದಲು ನಮ್ಮೂರ ಕೆರೆಯ ತೂಬಿನ ಹತ್ತಿರ ಹೋಗಿ ಒಂದು ಹೊಂಗೆ ಎಲೆ ಬಿಟ್ಟು ನೋಡಿ. ತೂಬಿನ ನೀರು ನಡುವೆ ರಭಸವಾಗಿ ಮುಂದೆ ಹೋಗುತ್ತದೆ, ಆಮೇಲೆ ಎರಡೂ ದಡದ ಕಡೆ ಸುಳಿ ತಿರುಗಿ ಎಲೆಯನ್ನು ಹಿಂದಕ್ಕೆ ತರುತ್ತದೆ. ಧ್ರುವದ ಮೇಲೆ, ಸುಮಾರು 200ರಿಂದ 400 ಕಿ.ಮೀ. ಎತ್ತರದಲ್ಲಿ, ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳಾಗಿ ಒಡೆದ ಅನಿಲ, ಹರಿಯುವುದೂ ಹೀಗೇ.

ಇನ್ನು ಇಂಟರ್ನೆಟ್ಟಿನಲ್ಲಿ ಸೂಪರ್‌ಡಾರ್ನ್ ರೇಡಾರ್ ಜಾಲದ (ಈ ಹರಿವನ್ನು ಅಳೆಯುವ ರೇಡಾರುಗಳು) ಉತ್ತರ ಧ್ರುವದ ನಕ್ಷೆ ತೆಗೆಯಿರಿ. ಸಾಮಾನ್ಯವಾಗಿ ಮೇಲ್ಗಡೆ ಮಧ್ಯಾಹ್ನ, ಅಂದರೆ ಸೂರ್ಯನ ಕಡೆ, ಕೆಳಗಡೆ ಮಧ್ಯರಾತ್ರಿ. ಪ್ಲಾಸ್ಮಾ ಮೇಲಿನಿಂದ ಧ್ರುವ ದಾಟಿ ಕೆಳಗಿಳಿದು, ಎರಡೂ ಪಕ್ಕದಿಂದ ವಾಪಸ್ ಬರುತ್ತದೆ. ಜೋರಿದ್ದಾಗ ಸೆಕೆಂಡಿಗೆ 1 ಕಿ.ಮೀ. ಕೂಡ ದಾಟುತ್ತದೆ, ಆ ವೇಗದಲ್ಲಿ ಹಾಸನದಿಂದ ಬೆಂಗಳೂರಿಗೆ ಮೂರು ನಿಮಿಷ ಸಾಕು!

ಈಗ ಮುಖ್ಯ ಮಾತು. ನಕ್ಷೆಯಲ್ಲಿ ಹರಿವಿನ ದಾರಿ ತೋರಿಸುವ ಗೆರೆಗಳನ್ನು ಸುಮ್ನೆ ನಂಬಬೇಡಿ, ಬಾಣಗಳನ್ನು ನೋಡಿ. ರೇಡಾರಿಗೆ ಪ್ರತಿಧ್ವನಿ ಸಿಕ್ಕ ಕಡೆ ಮಾತ್ರ ಬಾಣ ಇರುತ್ತದೆ. ಉಳಿದ ಕಡೆ ಹಳೆಯ ಸರಾಸರಿಯಿಂದ ಗೆರೆ ತುಂಬಿಸಿರುತ್ತಾರೆ. ನಾನು ಮೊದಲ ವಾರ ಪೂರ್ತಿ ಗೆರೆ ನೋಡಿಯೇ ಬರೆದುಕೊಂಡೆ, ಆಮೇಲೆ ಅಷ್ಟನ್ನೂ ಹೊಡೆದು ಹಾಕಬೇಕಾಯ್ತು. ಅದಕ್ಕೇ ಶುರುವಿಗೆ ದೊಡ್ಡ ಸೌರ ಬಿರುಗಾಳಿಯ ದಿನ ಬೇಡ, ಆಗ ಪ್ಲಾಸ್ಮಾ ಹರಿವಿಗಿಂತ ಕೆಳಗಿನ ವಾತಾವರಣದ ಪದರವೇ ರೇಡಾರಿನ ಅಲೆ ಹೀರಿಕೊಂಡು ಬಾಣಗಳೇ ಕಮ್ಮಿಯಾಗಬಹುದು.

ಹರಿವು ಯಾಕೆ ಬದಲಾಗುತ್ತದೆ ಅಂತ ತಿಳಿಯಬೇಕಲ್ವಾ? ಸೌರ ಮಾರುತದ, ಅಂದರೆ ಸೂರ್ಯನಿಂದ ಬೀಸಿ ಬರುವ ಕಣಗಳ ಗಾಳಿಯ, ಕಾಂತಕ್ಷೇತ್ರದ ಬಿ-ಝಡ್ (ಉತ್ತರ-ದಕ್ಷಿಣ ದಿಕ್ಕಿನ ಭಾಗ) ಅಂಕಿ ಪಕ್ಕದಲ್ಲಿಡಿ. ಅದು ದಕ್ಷಿಣಕ್ಕೆ ತಿರುಗಿದರೆ, ಅಂದರೆ ಮೈನಸ್ ಆದರೆ, ಭೂಮಿಯ ಕಾಂತಕ್ಷೇತ್ರಕ್ಕೆ ಜೋಡಿಕೊಂಡು ತೂಬು ತೆರೆದಂತಾಗುತ್ತದೆ. 1961ರಲ್ಲಿ ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಡಂಜಿ ಇದನ್ನು ವಿವರಿಸಿದರು. ಉತ್ತರಕ್ಕೆ ತಿರುಗಿದರೆ ಹರಿವು ಸೊರಗುತ್ತದೆ, ಮಧ್ಯಾಹ್ನದ ಕಡೆ ಕೆಲವೊಮ್ಮೆ ಉಲ್ಟಾ ಕೂಡ ಹರಿಯುತ್ತದೆ. ಅದೇ ಕಾಂತಕ್ಷೇತ್ರದ ಅಡ್ಡ ದಿಕ್ಕಿನ ಭಾಗವಾದ ಬಿ-ವೈ ಬದಲಾದರೆ ಎರಡು ಸುಳಿಗಳಲ್ಲಿ ಒಂದು ದುಂಡಗೆ, ಇನ್ನೊಂದು ಬಾಳೆಹಣ್ಣಿನ ಹಾಗೆ ಬಾಗುತ್ತದೆ.

ಒಂದು ಲೆಕ್ಕ ಮರೀಬೇಡಿ. ಈ ಅಂಕಿ ಅಳೆಯುವ ನೌಕೆಗಳು ನಮ್ಮ ಆದಿತ್ಯ-ಎಲ್1 ಇರುವ ಜಾಗದಲ್ಲೇ, ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿವೆ. ಮಾರುತ ಸೆಕೆಂಡಿಗೆ 400 ಕಿ.ಮೀ. ಬಂದರೂ ಅಲ್ಲಿಂದ ಭೂಮಿಗೆ ಸುಮಾರು ಒಂದು ಗಂಟೆ ಬೇಕು. ಕೆಲವು ತಾಣಗಳು ಈ ತಡವನ್ನು ಮೊದಲೇ ಸರಿಪಡಿಸಿ ಕೊಡುತ್ತವೆ, ನೋಡಿಕೊಂಡು ಲೆಕ್ಕ ಹಾಕಿ.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಸಾಕು: ಸಮಯ, ಬಿ-ಝಡ್, ಧ್ರುವದ ಮೇಲಿನ ಅತಿ ವೇಗದ ಬಾಣ. ಹತ್ತು ನಿಮಿಷಕ್ಕೊಂದು ಸಾಲು, ಕನಿಷ್ಠ ಮೂರು ಗಂಟೆ. ನಕ್ಷೆಯ ಸಮಯಕ್ಕೆ (ಅದು ಯುಟಿ, ಅಂದರೆ ವಿಶ್ವ ಸಮಯ) ಐದೂವರೆ ಗಂಟೆ ಸೇರಿಸಿದರೆ ನಮ್ಮ ಗಡಿಯಾರದ ಸಮಯ.